ಉಡುಪಿಯಿಂದ ಆಗುಂಬೆ ಕಾಡಿಗೆ ಒಂದು ದಿನ: ಬಸ್ಸೋ, ಬೈಕೋ, ಕಾರೋ?

ಉಡುಪಿಯಲ್ಲಿ ಇರುವವರಿಗೆ ಕಾಡು ದೂರ ಇಲ್ಲ. ಮಲ್ಪೆಯಿಂದ ತೀರ್ಥಹಳ್ಳಿ ಕಡೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 169ಎ ಕಡಲ ತಡಿಯಿಂದ ಹೊರಟು ಮಣಿಪಾಲ, ಪರ್ಕಳ, ಹಿರಿಯಡ್ಕ, ಪೆರ್ಡೂರು, ಹೆಬ್ರಿ ದಾಟಿ ಸೀದಾ ಸೋಮೇಶ್ವರದ ಕಾಡಿನೊಳಗೆ ನುಗ್ಗುತ್ತದೆ. ಆಮೇಲೆ 14 ಹೇರ್‌ಪಿನ್ ತಿರುವು. ಹತ್ತಿ ಮುಗಿಸಿದರೆ ಆಗುಂಬೆ. ಒಟ್ಟು ಸುಮಾರು 55 ಕಿ.ಮೀ. ಕಾರಿನಲ್ಲಿ ಒಂದೂವರೆ ಗಂಟೆ, ಬಸ್ಸಿನಲ್ಲಿ ಎರಡು ಗಂಟೆ ಅಂತ ಇಟ್ಟುಕೊಳ್ಳಿ.

ಇಷ್ಟು ಹತ್ತಿರ ಇರುವುದರಿಂದಲೇ ಜನ ಲೆಕ್ಕ ಹಾಕದೆ ಹೊರಡುತ್ತಾರೆ. ಹೋಗುವಾಗ ಎಂತದ್ದೂ ತೊಂದರೆ ಆಗುವುದಿಲ್ಲ. ಕಷ್ಟ ಇರುವುದು ಸಂಜೆಗೆ. ಕತ್ತಲಾದ ಮೇಲೆ ಮಂಜು ಕವಿದ ಘಾಟಿ, ಹೊರಟು ಹೋದ ಕೊನೆಯ ಬಸ್, ಸಿಗ್ನಲ್ ಇಲ್ಲದ ಮೊಬೈಲ್. ಹಾಗಾಗಿ ಈ ಮಾರ್ಗದರ್ಶಿಯನ್ನು ವಾಪಸ್ ಬರುವ ಲೆಕ್ಕದಿಂದಲೇ ಕಟ್ಟಿದ್ದೇನೆ. ಯಾವ ಗಾಡಿ ಅನ್ನುವುದು ಆಮೇಲಿನ ಮಾತು.

ಹಂತ 1: ಯಾವ ಕಾಡು ಅಂತ ನಿಕ್ಕಿ ಮಾಡಿ

ಒಂದೇ ದಿನದಲ್ಲಿ ಹೋಗಿ ಬರಲು ಉಡುಪಿಯಿಂದ ಮುಖ್ಯವಾಗಿ ಮೂರು ದಿಕ್ಕು ಇದೆ.

ಮೊದಲನೆಯದು ಸೋಮೇಶ್ವರ-ಆಗುಂಬೆ. ಸೋಮೇಶ್ವರ ವನ್ಯಜೀವಿಧಾಮ 1974ರಲ್ಲಿ ಘೋಷಣೆ ಆದದ್ದು. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿ.ಮೀ.ಗಿಂತ ಜಾಸ್ತಿ ಮಳೆ ಬೀಳುತ್ತದೆ. ಕಾಳಿಂಗ ಸರ್ಪದ ಅಧ್ಯಯನಕ್ಕೆ ಹೆಸರಾದ ಮಳೆಕಾಡು ಸಂಶೋಧನಾ ಕೇಂದ್ರ ಇಲ್ಲಿ 2005ರಿಂದ ಇದೆ. ಬಸ್, ಬೈಕ್, ಕಾರು ಮೂರಕ್ಕೂ ಹೊಂದುವ ದಾರಿ ಇದು. ಮೊದಲ ಸಲ ಹೋಗುವವರಿಗೆ ನಾನು ಇದನ್ನೇ ಹೇಳುತ್ತೇನೆ.

ಎರಡನೆಯದು ಕುದುರೆಮುಖ. ಕಾರ್ಕಳ, ಬಜಗೋಳಿ, ಮಾಳ, ಎಸ್.ಕೆ. (ಸೌತ್ ಕೆನರಾ) ಬಾರ್ಡರ್ ಮೂಲಕ ರಾಷ್ಟ್ರೀಯ ಉದ್ಯಾನದ ಒಳಗೇ ಹಾದು ಹೋಗುವ ರಸ್ತೆ ಇದು. ದಾರಿಯಲ್ಲಿ ಕಡಾಂಬಿ ಅಬ್ಬಿ (ಜಲಪಾತ), ಹನುಮನಗುಂಡಿ ಅಬ್ಬಿ ಸಿಗುತ್ತವೆ. ಕಳಸ, ಹೊರನಾಡಿಗೆ ಹೋಗುವ ಬಸ್ಸುಗಳು ಇದೇ ದಾರಿಯಲ್ಲಿ ಓಡುತ್ತವೆ ನಿಜ. ಆದರೆ ಹನುಮನಗುಂಡಿಯಲ್ಲಿ ಇಳಿದರೆ ಮುಂದಿನ ಬಸ್ಸಿಗೆ ಕಾಡಿನ ರಸ್ತೆ ಬದಿಯಲ್ಲಿ ಎಷ್ಟು ಹೊತ್ತು ಕಾಯಬೇಕೋ ಹೇಳಲಿಕ್ಕಾಗದು. ಇಲ್ಲಿಗೆ ಸ್ವಂತ ಗಾಡಿ ಇದ್ದರೆ ಮಾತ್ರ ಹೋಗಿ. ಇನ್ನೊಂದು ಮಾತು: ಕುದುರೆಮುಖ ಶಿಖರದ ಚಾರಣವನ್ನು ಈ ಒಂದು ದಿನದ ಲೆಕ್ಕದಲ್ಲಿ ಸೇರಿಸಬೇಡಿ. ಅದು ಶುರುವಾಗುವುದು ಕಳಸದ ಕಡೆಯ ಮುಳ್ಳೋಡಿಯಿಂದ. ಆನ್‌ಲೈನ್ ಬುಕಿಂಗ್ ಬೇಕು, ಹಿಂದಿನ ರಾತ್ರಿಯೇ ಅಲ್ಲಿ ಉಳಿದುಕೊಳ್ಳುವುದು ಸರಿ.

ಮೂರನೆಯದು ಕೊಲ್ಲೂರು. ಕುಂದಾಪುರ, ಹೆಮ್ಮಾಡಿ, ವಂಡ್ಸೆ ದಾಟಿ ಸುಮಾರು 75 ಕಿ.ಮೀ. ಮೂಕಾಂಬಿಕಾ ವನ್ಯಜೀವಿಧಾಮದ ಮಧ್ಯೆ ಇರುವ ಊರು. ದೇವಸ್ಥಾನ ಇರುವುದರಿಂದ ಬಸ್ಸಿಗೆ ಬರಗಾಲ ಇಲ್ಲ. ಕೊಡಚಾದ್ರಿಗೆ ಇಲ್ಲಿಂದ ಜೀಪ್ ಸಿಗುತ್ತದೆ. ಸೀಟು ತುಂಬಿದ ಮೇಲೆ ಹೊರಡುವ ಜೀಪು ಅದು. ಬೇಗ ಹೋದವರಿಗೆ ಬೇಗ ಸಿಗುತ್ತದೆ. ದಾರಿ ಮಾತ್ರ ಬೆನ್ನು ಮೂಳೆ ಅಲ್ಲಾಡಿಸುವಂಥದ್ದು. ಬೆನ್ನು ನೋವು ಇರುವವರು, ಗರ್ಭಿಣಿಯರು ಹತ್ತದಿರುವುದೇ ಒಳ್ಳೆಯದು.

ಇನ್ನು ಮುಂದೆ ಆಗುಂಬೆಯನ್ನೇ ಹಿಡಿದು ಹೇಳುತ್ತೇನೆ.

ಹಂತ 2: ತಿಂಗಳು ನೋಡಿ, ಬಾಗಿಲು ತೆರೆದಿದೆಯಾ ವಿಚಾರಿಸಿ

ನವೆಂಬರಿಂದ ಫೆಬ್ರವರಿ ತನಕ ದಾರಿ ಒಣಗಿರುತ್ತದೆ, ಆಕಾಶ ತಿಳಿಯಾಗಿರುತ್ತದೆ, ಅಬ್ಬಿಗಳಲ್ಲಿ ಇನ್ನೂ ನೀರಿರುತ್ತದೆ. ಯಾವ ಗಾಡಿಯಲ್ಲಾದರೂ ಹೋಗಬಹುದು. ಮಾರ್ಚ್‌ನಿಂದ ಮೇ ತನಕ ಕಾಳ್ಗಿಚ್ಚಿನ ಹೆದರಿಕೆಯಿಂದ ಅರಣ್ಯ ಇಲಾಖೆ ಚಾರಣ ನಿಲ್ಲಿಸುವುದುಂಟು. ಜೂನ್‌ನಿಂದ ಸೆಪ್ಟೆಂಬರ್ ತನಕ ಮಳೆ. ಕಾಡು ಅತ್ಯಂತ ಚಂದ ಕಾಣುವುದು ಆಗಲೇ. ರಸ್ತೆಗೆ ಮರ ಬೀಳುವುದು, ಗುಡ್ಡ ಜರಿಯುವುದು ಕೂಡ ಆಗಲೇ. ಜೋರು ಮಳೆಗೆ ಘಾಟಿಯಲ್ಲಿ ಘನ ವಾಹನ ನಿಷೇಧಿಸುತ್ತಾರೆ, ಅಬ್ಬಿಗಳ ದಾರಿ ಮುಚ್ಚುತ್ತಾರೆ.

ಹೊರಡುವ ಹಿಂದಿನ ಸಂಜೆ ಎರಡು ಕೆಲಸ ಮಾಡಿ. ಹವಾಮಾನ ಇಲಾಖೆಯ ಎಚ್ಚರಿಕೆ ನೋಡಿ. ಉಡುಪಿ, ಶಿವಮೊಗ್ಗ ಎರಡೂ ಜಿಲ್ಲೆಯದ್ದು ನೋಡಬೇಕು, ಯಾಕೆಂದರೆ ಘಾಟಿಯ ಕೆಳಗೆ ಒಂದು ಜಿಲ್ಲೆ, ಮೇಲೆ ಇನ್ನೊಂದು. ರೆಡ್ ಅಲರ್ಟ್ ಇದ್ದರೆ ಆ ದಿನ ಬೇಡ. ಚಾರಣ ಮಾಡುವ ಯೋಚನೆ ಇದ್ದರೆ ಅರಣ್ಯ ಇಲಾಖೆಯ ಅರಣ್ಯ ವಿಹಾರ ಜಾಲತಾಣದಲ್ಲಿ ಯಾವ ದಾರಿ ತೆರೆದಿದೆ ಅಂತ ನೋಡಿ.

ಹಂತ 3: ವಾಪಸ್ ಹೊರಡುವ ಹೊತ್ತು ಬರೆದಿಟ್ಟುಕೊಳ್ಳಿ

ಆಗುಂಬೆ ಅಂದ ತಕ್ಷಣ ಎಲ್ಲರಿಗೂ ಸೂರ್ಯಾಸ್ತ ನೆನಪಾಗುತ್ತದೆ. ಘಾಟಿಯ ತಲೆಯ ಹತ್ತಿರ ರಸ್ತೆ ಬದಿಯಲ್ಲೇ ಇರುವ ಜಾಗ ಅದು. ಡಿಸೆಂಬರ್‌ನಲ್ಲಿ ಸಂಜೆ ಆರೂಕಾಲರ ಒಳಗೆ ಸೂರ್ಯ ಮುಳುಗುತ್ತಾನೆ. ಅಲ್ಲಿಂದ ಇಳಿಯಲು ಶುರು ಮಾಡುವಾಗ ಅರ್ಧ ಕತ್ತಲೆ. ಆದ್ದರಿಂದ ಮೊದಲ ಪ್ರಶ್ನೆ ಇದು: ನಿಮಗೆ ಸೂರ್ಯಾಸ್ತ ಬೇಕೋ, ಬೇಡವೋ?

ಬೇಕು ಅಂದರೆ ಕಾರು ಅಥವಾ ಟ್ಯಾಕ್ಸಿ, ಅದೂ ಘಾಟಿಯಲ್ಲಿ ರಾತ್ರಿ ಓಡಿಸಿ ಅಭ್ಯಾಸ ಇರುವ ಡ್ರೈವರ್. ಬೇಡ ಅಂದರೆ ಬಸ್ಸು, ಬೈಕು ಎರಡೂ ಸಲೀಸು. ನಾಲ್ಕು ಗಂಟೆಗೆ ಆಗುಂಬೆ ಬಿಟ್ಟರೆ ಬೆಳಕಿರುವಾಗಲೇ ಹೆಬ್ರಿ ದಾಟಬಹುದು. ಬಸ್ಸಿನಲ್ಲಿ ಹೋಗಿ ಸೂರ್ಯಾಸ್ತವನ್ನೂ ನೋಡಿ ಕೆಳಗೆ ಹೋಗುವ ಬಸ್ಸನ್ನು ತಿರುವಿನಲ್ಲಿ ಕೈ ಅಡ್ಡ ಹಿಡಿದು ನಿಲ್ಲಿಸುತ್ತೇನೆ ಅಂತ ಕೆಲವರು ಹೊರಡುತ್ತಾರೆ. ದಯವಿಟ್ಟು ಬೇಡ. ಆಗುಂಬೆ ಬಸ್ ಸ್ಟ್ಯಾಂಡ್‌ನಲ್ಲೇ ತುಂಬಿ ಬಂದ ಬಸ್ ಅಲ್ಲಿ ನಿಲ್ಲಬೇಕೆಂದಿಲ್ಲ, ನಿಲ್ಲಿಸಲು ಸರಿಯಾದ ಜಾಗವೂ ಇಲ್ಲ.

ಹಂತ 4: ಬಸ್ಸಿನಲ್ಲಿ ಹೋಗುವುದಾದರೆ

ಉಡುಪಿಯಲ್ಲಿ ಖಾಸಗಿ ಬಸ್ಸುಗಳು ಸರ್ವಿಸ್ ಬಸ್ ಸ್ಟ್ಯಾಂಡ್‌ನಿಂದ ಹೊರಡುತ್ತವೆ. ಕೆಎಸ್‌ಆರ್‌ಟಿಸಿಯದ್ದು ಬನ್ನಂಜೆಯಲ್ಲಿ. ಎರಡೂ ಬೇರೆ ಬೇರೆ ಜಾಗ, ಹೊಸಬರು ಇಲ್ಲೇ ಗೊಂದಲ ಮಾಡಿಕೊಳ್ಳುವುದು. ಬೋರ್ಡಿನಲ್ಲಿ ಆಗುಂಬೆ ಅಂತಲೇ ಇರಬೇಕೆಂದಿಲ್ಲ. ತೀರ್ಥಹಳ್ಳಿ, ಶಿವಮೊಗ್ಗ ಬಸ್ಸು ಹುಡುಕಿ, "ಆಗುಂಬೆ ಮೇಲೆ ಹೋಗ್ತದಾ?" ಅಂತ ಒಂದು ಮಾತು ಕೇಳಿ. ಮಣಿಪಾಲದವರು ಉಡುಪಿಗೆ ಇಳಿಯಬೇಕಾಗಿಲ್ಲ, ಟೈಗರ್ ಸರ್ಕಲ್‌ನಲ್ಲಿ ಹತ್ತಬಹುದು. ಆದರೆ ಶನಿವಾರ, ಭಾನುವಾರ ಅಲ್ಲಿಗೆ ಬರುವಾಗ ಸೀಟು ಇರುವುದು ಕಷ್ಟ. ಎರಡು ಗಂಟೆ ನಿಂತು, ಅದರಲ್ಲೂ ಘಾಟಿಯಲ್ಲಿ ನಿಂತು ಹೋಗುವುದಕ್ಕಿಂತ ಮೊದಲ ಸ್ಟಾಪಿಗೆ ಬಂದು ಕೂರುವುದೇ ಲೇಸು.

ಈ ದಾರಿಯಲ್ಲಿ ಹೆಚ್ಚಾಗಿ ಮಿನಿಬಸ್ಸುಗಳೇ. ಯಾಕೆ ಅನ್ನುವುದು ತಿರುವಿನಲ್ಲಿ ಕೂತು ನೋಡಿದರೆ ತಾನಾಗಿ ಗೊತ್ತಾಗುತ್ತದೆ. ಡ್ರೈವರ್ ಉದ್ದಕ್ಕೆ ಒಂದು ಹಾರ್ನ್ ಹೊಡೆದು, ಗೇರ್ ಇಳಿಸಿ, ಸ್ಟೇರಿಂಗನ್ನು ಎರಡೂ ಕೈಯಲ್ಲಿ ಪೂರ್ತಿ ಸುತ್ತುತ್ತಾರೆ. ಬಸ್ಸಿನ ಮೂತಿ ತಡೆಗೋಡೆಯ ಹತ್ತಿರ ಹೋಗಿ ಹೊರಳುತ್ತದೆ. ಕಂಡಕ್ಟರ್ ಬಾಗಿಲಲ್ಲಿ ನಿಂತು ಹಿಂದಿನ ಚಕ್ರದ ಕಡೆ ಕಣ್ಣಿಟ್ಟಿರುತ್ತಾರೆ. ಎದುರಿಂದ ಇನ್ನೊಂದು ಬಸ್ ಬಂದರೆ ಯಾರೋ ಒಬ್ಬರು ನಿಲ್ಲಲೇಬೇಕು. ಉದ್ದ ಬಸ್ಸಿಗೆ ಇಷ್ಟು ಜಾಗ ಸಾಲದು.

ತಲೆ ತಿರುಗುವವರು ಮುಂದಿನ ಸೀಟು ಹಿಡಿಯಿರಿ. ಮೊಬೈಲ್ ಒಳಗಿಡಿ, ದೂರದ ರಸ್ತೆ ನೋಡಿ. ವಾಂತಿ ಮಾತ್ರೆ ತಗೊಳ್ಳುವ ಅಭ್ಯಾಸ ಇದ್ದರೆ ಸೋಮೇಶ್ವರದಲ್ಲಿ ತಗೊಂಡು ಪ್ರಯೋಜನ ಇಲ್ಲ, ಅದು ಕೆಲಸ ಶುರು ಮಾಡಲು ಹೊತ್ತು ಬೇಕು. ಉಡುಪಿಯಲ್ಲೇ ತಗೊಳ್ಳಿ.

ಟಿಕೆಟ್ ಬಗ್ಗೆ. ಜೂನ್ 2023ರಲ್ಲಿ ಶುರುವಾದ ಶಕ್ತಿ ಯೋಜನೆಯಲ್ಲಿ ಕರ್ನಾಟಕದ ಹೆಣ್ಣುಮಕ್ಕಳಿಗೆ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಪ್ರಯಾಣ ಉಚಿತ. ಆಧಾರ್‌ನಂಥ ಗುರುತಿನ ಚೀಟಿ ತೋರಿಸಿ ಶೂನ್ಯ ಟಿಕೆಟ್ ಪಡೆಯಬೇಕು. ಖಾಸಗಿ ಬಸ್ಸಿಗೆ ಇದು ಅನ್ವಯಿಸುವುದಿಲ್ಲ. ನಮ್ಮ ಕರಾವಳಿಯಲ್ಲಿ ಖಾಸಗಿ ಬಸ್ಸುಗಳೇ ಜಾಸ್ತಿ ಇರುವುದರಿಂದ ಉಚಿತ ಪ್ರಯಾಣವನ್ನೇ ನಂಬಿ ಹೊರಟರೆ ಕಾಯುವುದು ಹೆಚ್ಚಾಗಬಹುದು. ಕೈಯಲ್ಲಿ ಚಿಲ್ಲರೆ ಇರಲಿ.

ಆಗುಂಬೆಯಲ್ಲಿ ಇಳಿಯುವ ಮೊದಲೇ ಕಂಡಕ್ಟರ್ ಹತ್ತಿರ ಕೇಳಬೇಕಾದ ಪ್ರಶ್ನೆ: "ಉಡುಪಿಗೆ ಲಾಸ್ಟ್ ಬಸ್ ಎಷ್ಟು ಗಂಟೆಗೆ? ಅದರ ಹಿಂದಿನದ್ದು ಎಷ್ಟಕ್ಕೆ?" ಆ ಹಿಂದಿನ ಬಸ್ಸೇ ನಿಮ್ಮ ಬಸ್ಸು. ಕೊನೆಯದ್ದನ್ನು ತುರ್ತಿಗೆ ಇಟ್ಟುಕೊಳ್ಳಿ. ಕಂಡಕ್ಟರ್ ಹೇಳಿದ್ದನ್ನು ಬಸ್ ಸ್ಟ್ಯಾಂಡ್ ಪಕ್ಕದ ಅಂಗಡಿಯವರ ಹತ್ತಿರ ಮತ್ತೊಮ್ಮೆ ಕೇಳಿ. ಯಾವ ಬಸ್ ಇವತ್ತು ಬಂದಿಲ್ಲ, ಯಾವುದು ತಡ ಅಂತ ಅವರಿಗೆ ಗೊತ್ತಿರುತ್ತದೆ.

ಹಂತ 5: ಬೈಕ್, ಸ್ಕೂಟರ್

ಹೋಗಿ ಬರಲು 110 ಕಿ.ಮೀ., ಸುತ್ತಾಟಕ್ಕೆ ಇನ್ನೊಂದು 20 ಅಂತ ಸೇರಿಸಿ. ಲೀಟರಿಗೆ 45 ಕೊಡುವ ಬೈಕಿಗೆ ಮೂರು ಲೀಟರ್ ಪೆಟ್ರೋಲ್ ಸಾಕು. ಹೆಬ್ರಿಯಲ್ಲಿ ತುಂಬಿಸಿಕೊಂಡೇ ಘಾಟಿ ಹತ್ತಿ. ಗಾಳಿ, ಬ್ರೇಕ್, ಟಯರ್ ಹಿಂದಿನ ದಿನವೇ ನೋಡಿಸಿ. ಸವೆದ ಟಯರಿನಲ್ಲಿ ಪಾಚಿ ಕಟ್ಟಿದ ಒದ್ದೆ ತಿರುವು ಹತ್ತುವುದು ಜೀವಕ್ಕೆ ಅಪಾಯ.

ಸ್ಕೂಟರಿನವರು ಇಳಿಯುವಾಗ ಹುಷಾರಾಗಿರಬೇಕು. ಗೇರ್ ಇರುವ ಬೈಕನ್ನು ಎರಡನೇ ಗೇರಿನಲ್ಲಿ ಇಟ್ಟರೆ ಎಂಜಿನ್ನೇ ವೇಗ ಹಿಡಿದಿಡುತ್ತದೆ. ಸ್ಕೂಟರಿನಲ್ಲಿ ಆ ಹಿಡಿತ ಕಡಿಮೆ, ಭಾರವೆಲ್ಲ ಬ್ರೇಕಿನ ಮೇಲೆ. ಒತ್ತಿ ಹಿಡಿದುಕೊಂಡೇ ಇಳಿದರೆ ಬ್ರೇಕ್ ಕಾಯುತ್ತದೆ, ಕಾದ ಬ್ರೇಕ್ ಹಿಡಿಯುವುದಿಲ್ಲ. ಬಿಟ್ಟು ಬಿಟ್ಟು ಒತ್ತಿ. ಸುಟ್ಟ ವಾಸನೆ ಬಂದರೆ ಅಗಲ ಜಾಗ ನೋಡಿ ನಿಲ್ಲಿಸಿ, ತಣಿಯಲು ಬಿಡಿ. ಅದರ ಮೇಲೆ ನೀರು ಹೊಯ್ಯಬೇಡಿ.

ಎಲೆಕ್ಟ್ರಿಕ್ ಸ್ಕೂಟರಿನವರು ಲೆಕ್ಕ ಹಾಕುವಾಗ ಸೋಮೇಶ್ವರದಿಂದ ಮೇಲಿನ ಸುಮಾರು 10 ಕಿ.ಮೀ. ಏರಿಗೆ ಬಯಲು ರಸ್ತೆಯ ಎರಡು ಪಟ್ಟು ಚಾರ್ಜ್ ಇಡಿ. ಇಬ್ಬರು ಕೂತರೆ ಇನ್ನೂ ಜಾಸ್ತಿ. ಒಂದು ಚಾರ್ಜಿಗೆ ನಿಜವಾಗಿ 140 ಕಿ.ಮೀ. ಓಡದ ಸ್ಕೂಟರಿನಲ್ಲಿ ಈ ಪ್ರವಾಸ ಬೇಡ.

ಬಾಡಿಗೆ ಬೈಕ್ ತಗೊಳ್ಳುವವರು ನಂಬರ್ ಪ್ಲೇಟ್ ನೋಡಿ. ನಾವೇ ಓಡಿಸಲು ಬಾಡಿಗೆಗೆ ಕೊಡುವ ಗಾಡಿಗೆ ಕಪ್ಪು ಹಲಗೆ, ಹಳದಿ ಅಕ್ಷರ ಇರಬೇಕು. ಕಾರಿಗೂ ಇದೇ ನಿಯಮ. ಬಿಳಿ ಬೋರ್ಡಿನ ಗಾಡಿ ಅಗ್ಗಕ್ಕೆ ಸಿಕ್ಕಿತು ಅಂತ ಹೋದರೆ ಅಪಘಾತ ಆದಾಗ ವಿಮೆ ಸಿಗದೆ ಒದ್ದಾಡಬೇಕಾಗುತ್ತದೆ. ಕೀ ತಗೊಳ್ಳುವ ಮೊದಲು ಗಾಡಿಯ ನಾಲ್ಕೂ ಕಡೆಯ ವಿಡಿಯೊ ಮಾಡಿಟ್ಟುಕೊಳ್ಳಿ.

ಹಂತ 6: ಕಾರು, ಟ್ಯಾಕ್ಸಿ, ಟಿಟಿ (ಟೆಂಪೊ ಟ್ರಾವೆಲರ್)

ಮನೆಯಲ್ಲಿ ಅಜ್ಜ ಅಜ್ಜಿ, ಸಣ್ಣ ಮಕ್ಕಳು ಇದ್ದರೆ ಕಾರೇ ಸರಿ. ನಾಲ್ಕು ಜನ ಹಂಚಿಕೊಂಡರೆ ಪೆಟ್ರೋಲ್ ಖರ್ಚು ದೊಡ್ಡದಾಗಿ ಬೀಳುವುದಿಲ್ಲ, 130 ಕಿ.ಮೀ.ಗೆ ಒಂಬತ್ತು ಲೀಟರ್ ಹಿಡಿಯಿರಿ.

ಟ್ಯಾಕ್ಸಿಯವರ ಹತ್ತಿರ ಮಾತಾಡುವಾಗ ಮೊದಲೇ ಬಿಡಿಸಿ ಕೇಳಿ: ದಿನಕ್ಕೆ ಕನಿಷ್ಠ ಎಷ್ಟು ಕಿಲೋಮೀಟರಿನ ಬಾಡಿಗೆ? ಲೆಕ್ಕ ಶುರುವಾಗುವುದು ನಮ್ಮ ಮನೆಯಿಂದಲೋ, ಗಾಡಿ ನಿಲ್ಲಿಸುವ ಜಾಗದಿಂದಲೋ? ಡ್ರೈವರ್ ಬಾಟಾ (ದಿನದ ಭತ್ಯೆ) ಸೇರಿದೆಯಾ? ರಾತ್ರಿ ಎಷ್ಟು ಗಂಟೆ ಮೇಲೆ ಹೆಚ್ಚುವರಿ? ಘಾಟಿಗೆ ಬೇರೆ ದುಡ್ಡಾ? ಕನಿಷ್ಠ ಕಿಲೋಮೀಟರ್ ಲೆಕ್ಕ 250ರ ಆಸುಪಾಸು ಇದ್ದರೆ ನಮ್ಮ ಪ್ರವಾಸಕ್ಕೆ ಅದು ಜಾಸ್ತಿ. ಆಗ ಎರಡು ದಾರಿ: ಆಗುಂಬೆಗೆ ಮಾತ್ರ ಅಂತ ಒಟ್ಟು ಮೊತ್ತಕ್ಕೆ ಮಾತಾಡಿ, ಅಥವಾ ಹೇಗೂ ಕೊಡುವ ದುಡ್ಡಿಗೆ ಕುಂದಾದ್ರಿ ಬೆಟ್ಟವನ್ನೋ ಶೃಂಗೇರಿಯನ್ನೋ ಸೇರಿಸಿಕೊಳ್ಳಿ. ಶೃಂಗೇರಿ ಆಗುಂಬೆಯಿಂದ 30 ಕಿ.ಮೀ. ಒಳಗೇ ಇದೆ.

ಹತ್ತು ಹನ್ನೆರಡು ಜನ ಇದ್ದರೆ ಟಿಟಿ ಸಾಕು. ದೊಡ್ಡ ಬಸ್ ಮಾಡಿಸಿಕೊಂಡು ಬರುವ ಕಾಲೇಜಿನವರು, ಮದುವೆ ದಿಬ್ಬಣದವರು ಮೊದಲೇ ವಿಚಾರಿಸಿಕೊಳ್ಳಿ. ಘಾಟಿಯಲ್ಲಿ ದೊಡ್ಡ ಗಾಡಿಗೆ ತಡೆ ಇದ್ದಾಗ ಸಿದ್ದಾಪುರ, ಹೊಸಂಗಡಿ ಮೇಲೆ ಬಾಳೆಬರೆ ಘಾಟಿ ಸುತ್ತಿ ಹೋಗಬೇಕಾಗುತ್ತದೆ. ಒಂದು ದಿನದ ಪ್ರವಾಸ ಅಲ್ಲಿಗೆ ಮುಗಿಯಿತು ಅಂತಲೇ ಲೆಕ್ಕ.

ಹಂತ 7: ಘಾಟಿಯಲ್ಲಿ

ಇದನ್ನು ನಿಧಾನಕ್ಕೆ ಓದಿ. ಓಡಿಸುವವರಿಗೂ ಓದಿ ಹೇಳಿ.

ಹತ್ತುವ ಗಾಡಿಗೆ ಮೊದಲ ದಾರಿ. ಇಳಿಯುವವರು ನಿಂತು ಜಾಗ ಬಿಡಬೇಕು. ಯಾವ ಗೇರಿನಲ್ಲಿ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಿರಿ. ಪೆಟ್ರೋಲ್ ಉಳಿಸಲು ನ್ಯೂಟ್ರಲ್ ಮಾಡಬೇಡಿ, ಎಂಜಿನ್ ಆಫ್ ಮಾಡಲೇಬೇಡಿ. ಆಟೋಮ್ಯಾಟಿಕ್ ಕಾರಿನಲ್ಲಿ ಕೆಳ ಗೇರಿಗೆ ಇಳಿಸುವ ವ್ಯವಸ್ಥೆ ಇರುತ್ತದೆ, ಅದು ಹೇಗೆ ಅಂತ ಮನೆಯಲ್ಲೇ ಕಲಿತು ಹೊರಡಿ. ತಿರುವಿಗೆ ಮೊದಲು ಹಾರ್ನ್. ತಿರುವಿನಲ್ಲಿ ಓವರ್‌ಟೇಕ್ ಇಲ್ಲ, ಫೋಟೊಕ್ಕೆ ನಿಲ್ಲಿಸುವುದು ಇಲ್ಲ. ಮಂಜು ಕವಿದರೆ ಹೆಡ್‌ಲೈಟ್ ಡಿಮ್ಮಿನಲ್ಲಿರಲಿ, ಹೈ ಬೀಮ್ ಹಾಕಿದರೆ ಎದುರಿಗೆ ಬಿಳಿ ಗೋಡೆ ಮಾತ್ರ ಕಾಣುತ್ತದೆ.

ಮಂಗಗಳಿಗೆ ತಿನ್ನಲು ಎಸೆಯಬೇಡಿ. ಇದನ್ನು ಎಷ್ಟು ಹೇಳಿದರೂ ಕಡಿಮೆ. ಚಿಪ್ಸ್ ಸಿಗುತ್ತದೆ ಅಂತ ಅವು ಕಾಡು ಬಿಟ್ಟು ರಸ್ತೆಗೆ ಬರುತ್ತವೆ, ಮರಿ ಕಟ್ಟಿಕೊಂಡು ತಿರುವಿನ ಗೋಡೆ ಮೇಲೆ ಕೂರುತ್ತವೆ, ಇನ್ನೊಂದು ಗಾಡಿಯ ಕೆಳಗೆ ಸಾಯುತ್ತವೆ. ನಾವು ನೋಡಲು ಬಂದ ಕಾಡು ಅವುಗಳದ್ದು, ಅಲ್ವಾ?

ಹಂತ 8: ಇಳಿದ ಮೇಲೆ

ಆಗುಂಬೆ ಸಣ್ಣ ಊರು. ಜೋಗಿಗುಂಡಿ ಅಬ್ಬಿ ನಾಲ್ಕೈದು ಕಿ.ಮೀ. ದೂರ, ಬಸ್ಸಿನಲ್ಲಿ ಬಂದವರು ಆಟೋ ಮಾಡಿಕೊಳ್ಳಬಹುದು. ಹೋಗಿ, ಕಾದು, ವಾಪಸ್ ಬಿಡುವ ತನಕ ಎಷ್ಟು ಅಂತ ಹತ್ತುವ ಮೊದಲೇ ಮಾತಾಡಿ. ಬಿಟ್ಟು ಹೋದ ಆಟೋವನ್ನು ಫೋನ್ ಮಾಡಿ ಕರೆಸುತ್ತೇನೆ ಅಂದರೆ ಅಲ್ಲಿ ಸಿಗ್ನಲ್ ನಂಬುವಂತಿಲ್ಲ. ಒನಕೆ ಅಬ್ಬಿ, ಬರ್ಕಣ ಅಬ್ಬಿ ಕಡೆ ಹೋಗುವುದಾದರೆ ಅರಣ್ಯ ಇಲಾಖೆಯವರ ಅನುಮತಿ ಕೇಳಿಕೊಂಡೇ ಹೋಗಿ. ಮಳೆಗಾಲದಲ್ಲಿ ಉಂಬಳ (ಜಿಗಣೆ) ಕಾಲಿಗೆ ಹತ್ತುತ್ತದೆ. ಉಪ್ಪಿನ ಸಣ್ಣ ಗಂಟು ಕಿಸೆಯಲ್ಲಿರಲಿ.

ಕೂಡ್ಲು ತೀರ್ಥದ ಅಬ್ಬಿ ಬೇಕೆನ್ನುವವರು ಆಗುಂಬೆಗೆ ಹತ್ತುವುದೇ ಬೇಡ. ಅದರ ದಾರಿ ಹೆಬ್ರಿ ಕಡೆಯಿಂದ, ನಾಡ್ಪಾಲು ಮೂಲಕ. ಹೆಬ್ರಿ ತನಕ ಬಸ್ಸು, ಅಲ್ಲಿಂದ ಆಟೋ ಅಥವಾ ಜೀಪು, ಕೊನೆಗೆ ಕಾಡಿನಲ್ಲಿ ನಡಿಗೆ. ಮಳೆ ಜೋರಿದ್ದಾಗ ಬಿಡುವುದಿಲ್ಲ. ಎರಡನ್ನೂ ಒಂದೇ ದಿನ ಹಿಡಿಸಲು ಹೋದರೆ ಎರಡೂ ಅರ್ಧಂಬರ್ಧ ಆಗುತ್ತದೆ.

ಮಂಗಳೂರಿನವರಿಗೆ

ಮಂಗಳೂರಿನಿಂದ ಆಗುಂಬೆ ಸುಮಾರು 100 ಕಿ.ಮೀ. ಮೂಡುಬಿದಿರೆ, ಕಾರ್ಕಳ, ಹೆಬ್ರಿ ದಾರಿ ಹಿಡಿಯಿರಿ. ಬಸ್ಸಿನವರು ಸ್ಟೇಟ್‌ಬ್ಯಾಂಕ್ ಬಸ್ ಸ್ಟ್ಯಾಂಡ್‌ನಿಂದ ಕಾರ್ಕಳ ಎಕ್ಸ್‌ಪ್ರೆಸ್ ಹತ್ತಿ, ಅಲ್ಲಿಂದ ಹೆಬ್ರಿ, ಹೆಬ್ರಿಯಲ್ಲಿ ಘಾಟಿ ಬಸ್. ಎರಡು ಕಡೆ ಬದಲಿಸಬೇಕಾದ್ದರಿಂದ ಆರು ಗಂಟೆಗೇ ಮನೆ ಬಿಟ್ಟರೆ ಒಳ್ಳೆಯದು.

ರೈಲಿನಲ್ಲಿ ಕಾಡು ನೋಡಬೇಕು ಅನ್ನುವವರಿಗೆ ಕೊಂಕಣ ರೈಲ್ವೆ ಉಪಯೋಗಕ್ಕೆ ಬರುವುದಿಲ್ಲ. ಅದು ಆಗುಂಬೆ ಕಡೆ ತಿರುಗುವುದೇ ಇಲ್ಲ. ಕಾಡಿನ ರೈಲು ಅಂದರೆ ಸುಬ್ರಹ್ಮಣ್ಯ ರೋಡ್‌ನಿಂದ ಸಕಲೇಶಪುರದ ತನಕದ್ದು, ಸುಮಾರು 55 ಕಿ.ಮೀ.ಯಲ್ಲಿ 57 ಸುರಂಗ. 2021ರಿಂದ ಬೆಂಗಳೂರು ಹಗಲು ರೈಲಿಗೆ ವಿಸ್ಟಾಡೋಮ್ (ಗಾಜಿನ ಮಾಡು, ದೊಡ್ಡ ಕಿಟಕಿ ಇರುವ) ಬೋಗಿಯೂ ಸೇರಿದೆ. ಹೋದ ದಿನವೇ ಬರಬೇಕಾದರೆ ಸಕಲೇಶಪುರದಿಂದ ಶಿರಾಡಿ ಘಾಟಿ ಬಸ್ಸಿನಲ್ಲಿ ಇಳಿಯುವುದು ಸಲೀಸು. ಘಟ್ಟದ ಹಳಿ ಮೇಲೆ ಗುಡ್ಡ ಜರಿದು ರೈಲು ನಿಲ್ಲುವುದೂ ಉಂಟು, ಮಳೆಗಾಲದಲ್ಲಿ ಹಿಂದಿನ ರಾತ್ರಿ ರೈಲಿನ ಸ್ಥಿತಿ ನೋಡಿಕೊಳ್ಳಿ.

ಕೊನೆಯ ಬಸ್ ತಪ್ಪಿದರೆ

ಗಾಬರಿ ಬೇಡ. ಆಗುಂಬೆಯಲ್ಲೇ ಕತ್ತಲಾಗುವ ತನಕ ಕಾಯುತ್ತಾ ನಿಲ್ಲಬೇಡಿ. ಬೆಳಕಿದ್ದಾಗಲೇ ಆಟೋವೋ ಜೀಪೋ ಮಾಡಿಕೊಂಡು ಹೆಬ್ರಿಗೆ ಇಳಿಯಿರಿ. ಹೆಬ್ರಿ ತಲುಪಿದರೆ ಉಡುಪಿ, ಕಾರ್ಕಳ ಎರಡೂ ಕಡೆಗೆ ಬಸ್ ಸಿಗುವ ಸಾಧ್ಯತೆ ಜಾಸ್ತಿ, ಟ್ಯಾಕ್ಸಿಯೂ ಸಿಗುತ್ತದೆ. ಮಂಜು, ಮಳೆ ಜೋರಾಗಿದ್ದರೆ ಕೆಳಗೆ ಇಳಿಯುವ ಹಟ ಬೇಡ, ಆಗುಂಬೆಯಲ್ಲಿ ಕೋಣೆ ಕೇಳಿ, ಇಲ್ಲದಿದ್ದರೆ ತೀರ್ಥಹಳ್ಳಿ ಕಡೆಯ ಬಸ್ ಹತ್ತಿ. ಅಲ್ಲಿ ವಸತಿಗೃಹಗಳಿವೆ. ಮನೆಗೆ ಒಂದು ಫೋನ್ ಮಾಡಿ, ಸಿಗ್ನಲ್ ಸಿಗುವ ಜಾಗ ಎಲ್ಲಿ ಅಂತ ಅಂಗಡಿಯವರೇ ತೋರಿಸುತ್ತಾರೆ. ಅಪಘಾತ, ಅನಾರೋಗ್ಯ ಏನೇ ಇದ್ದರೂ 112, ಆಂಬುಲೆನ್ಸಿಗೆ 108.